ತೊಳೆಯದೇ ಉಳಿದ ಫ್ಲಾಸ್ಕ್

ಜೀವಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಕೆಳಗಿನ ಅರೆಯಲ್ಲಿ, ಹಿಂಬದಿಯ ಗೋಡೆಗೆ ಒತ್ತಿಕೊಂಡು ನಿಂತಿದ್ದ ಆ ಫ್ಲಾಸ್ಕನ್ನು ನೆವೆನಾ ಸೋಮವಾರ ಬೆಳಿಗ್ಗೆ ಹೊರತೆಗೆದದ್ದು ಬಿಸಾಡುವುದಕ್ಕೆಂದೇ. ಚಳಿಗಾಲ ಕಾಲಿಡುವ ಮುಂಚೆ ಅರೆಗಳನ್ನೆಲ್ಲ ಖಾಲಿ ಮಾಡಿ ಸ್ಪಿರಿಟ್ಟಿನಲ್ಲಿ ಒರೆಸುವುದು ಪ್ಲೆವೆನ್ ಊರಿನ ಆ ಪ್ರಯೋಗಾಲಯದ ಹಳೆಯ ರೂಢಿ. ಫ್ಲಾಸ್ಕಿನ ಮೇಲೆ ಅವಳದೇ ಕೈಬರಹವಿತ್ತು: ‘ಲ್ಯು. ರಾ.’, ಅದರ ಕೆಳಗೆ ಸೆಪ್ಟೆಂಬರಿನ ಒಂದು ತಾರೀಖು. ಒಳಗೆ ಕೋಶಗಳಿಗೆ ಆಹಾರವಾಗಿದ್ದ ಗುಲಾಬಿ ಬಣ್ಣದ ದ್ರವ ಹಳದಿಗೆ ತಿರುಗಿತ್ತು. ಇಟ್ಟು ತಿಂಗಳ ಮೇಲಾಗಿತ್ತು. ಒಳಗಿದ್ದದ್ದೆಲ್ಲ ಸತ್ತು ಪುಡಿಯಾಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಯಾವುದನ್ನೂ ನೋಡದೆ ಚೆಲ್ಲಬಾರದೆಂದು ಮೇಷ್ಟ್ರು ಕಲಿಸಿದ್ದರು. ಹಾಗಾಗಿ ಬ್ಲೀಚಿಗೆ ಸುರಿಯುವ ಮುಂಚೆ ಮೈಕ್ರೋಸ್ಕೋಪಿನಡಿ ಇಟ್ಟಳು.

ನೋಡಿದಳು. ಕುರ್ಚಿ ಎಳೆದುಕೊಂಡು ಕೂತು, ಮತ್ತೆ ನೋಡಿದಳು.

ಜೀವಕೋಶಗಳು ಬದುಕಿದ್ದವು. ಫ್ಲಾಸ್ಕಿನ ತಳಕ್ಕೆ ದೊಡ್ಡ, ಚಪ್ಪಟೆಯಾದ, ಅಂಕುಡೊಂಕಿನ ಕೆಲವು ಕೋಶಗಳು ಅಂಟಿಕೊಂಡಿದ್ದವು. ಅವುಗಳ ಮೈಗೆ ಮೈ ತಾಗಿಸಿಕೊಂಡು, ಮೇಲೆ ಹತ್ತಿ, ಅಡಿಗೆ ನುಸುಳಿ, ನೂರಾರು ಪುಟ್ಟ ದುಂಡು ಕೋಶಗಳು ಹೊಳಪು ಮಾಸದೆ ಕೂತಿದ್ದವು. ಚಳಿಯಲ್ಲಿ ಒಲೆ ಸುತ್ತ ಸೇರಿದ ಮಂದಿಯ ಹಾಗೆ.

‘ಲ್ಯು. ರಾ.’ ಅಂದರೆ ಲ್ಯುಬೆನ್ ರಾಯ್ಕೊವ್. ಈ ಪ್ರಯೋಗಾಲಯವನ್ನು ಕಟ್ಟಿದವರು, ನೆವೆನಾಗೆ ಪಿಪೆಟ್ ಹಿಡಿಯುವುದನ್ನು ಕಲಿಸಿದವರು, ನಿವೃತ್ತರಾದ ಮೇಲೂ ಅವಳು ಮೇಷ್ಟ್ರೇ ಎಂದು ಕರೆಯುವ ಏಕೈಕ ಮನುಷ್ಯ. ಆ ಪುಟ್ಟ ದುಂಡು ಕೋಶಗಳು ಅವರ ರಕ್ತದವು. ಅವು ಕ್ಯಾನ್ಸರ್ ಕೋಶಗಳು.

ಮೇಷ್ಟ್ರಿಗೆ ಬಂದಿದ್ದದ್ದು ನಿಧಾನಗತಿಯ ರಕ್ತ ಕ್ಯಾನ್ಸರ್. ಅದರ ವಿಚಿತ್ರವೆಂದರೆ, ಅಲ್ಲಿ ಕೋಶಗಳು ಅಡ್ಡಾದಿಡ್ಡಿ ಹುಟ್ಟುವುದಕ್ಕಿಂತ ಹೆಚ್ಚಾಗಿ, ಸಾಯಬೇಕಾದಾಗ ಸಾಯುವುದಿಲ್ಲ. ಆರೋಗ್ಯವಂತ ಕೋಶ ತನ್ನ ಮರಣದ ಆಜ್ಞೆಯನ್ನು ತನ್ನೊಳಗೇ ಮಡಿಸಿಟ್ಟುಕೊಂಡು ಹುಟ್ಟುತ್ತದೆ. ಮುದಿಯಾದಾಗ, ಗಾಯಗೊಂಡಾಗ, ಕೆಲಸ ಮುಗಿದಾಗ ಅದನ್ನು ಬಿಡಿಸಿ ಓದಿ, ಸದ್ದಿಲ್ಲದೆ ಹೊರಡುತ್ತದೆ. ಹೊರಡುವಾಗ ಹೊರಮೈಗೆ ಒಂದು ಗುರುತು ಹಾಕಿಕೊಳ್ಳುತ್ತದೆ. ನೆರೆಯ ಕೋಶಗಳು ಅದನ್ನು ನೋಡಿ ಬಂದು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಸತ್ತವರ ಫೋಟೋ ಹಾಕಿದ ಚೀಟಿಯನ್ನು ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಬೀದಿಯ ಮರಕ್ಕೆ ಅಂಟಿಸುವ ಈ ಊರಿನಲ್ಲಿ ಮೇಷ್ಟ್ರು ಅದನ್ನು ಹೀಗೆ ಪಾಠ ಮಾಡುತ್ತಿದ್ದರು: “ಕೋಶದ ಕಥೇನೂ ಅಷ್ಟೇ. ಆದ್ರೆ ಅದಕ್ಕೆ ನೆಂಟರಿಲ್ಲ, ತನ್ನ ಚೀಟೀನ ತಾನೇ ಅಂಟಿಸ್ಕೋಬೇಕು.” ಗುರುತು ಹಾಕಿಕೊಂಡ ಕೋಶಗಳು ಬಣ್ಣ ಹಾಕಿದರೆ ಹಸಿರಾಗಿ ಹೊಳೆಯುತ್ತವೆ. ಪ್ರಯೋಗಾಲಯದಲ್ಲಿ ಇವತ್ತಿಗೂ ಅವುಗಳಿಗೆ ‘ಚೀಟಿ ಅಂಟಿಸಿದವು’ ಎಂದೇ ಹೆಸರು.

ಕ್ಯಾನ್ಸರ್ ಕೋಶ ಆ ಆಜ್ಞೆಯ ಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸುತ್ತದೆ. ಆಜ್ಞೆ ಒಳಗೇ ಕೊಳೆಯುತ್ತದೆ, ಕೋಶ ಬದುಕುತ್ತದೆ. ಹೊಸ ಮಾತ್ರೆಯೊಂದು ಆ ಕಾವಲುಗಾರನ ಕೈಕಟ್ಟುತ್ತಿತ್ತು. ಸೆಪ್ಟೆಂಬರಿನಲ್ಲಿ ಡಾಕ್ಟರ್ ಹಾಜಿಯೇವಾ ಮೇಷ್ಟ್ರ ಮುಂದೆ ಎರಡು ದಾರಿ ಇಟ್ಟಿದ್ದರು. ಊರಿನಲ್ಲೇ ಇದ್ದು ಈ ಮಾತ್ರೆ ನುಂಗುವುದು ಒಂದು. ಇಲ್ಲವೇ ಸೋಫಿಯಾದ ಆಸ್ಪತ್ರೆಯೊಂದರಲ್ಲಿ ನಡೆಯುತ್ತಿದ್ದ ಪ್ರಯೋಗಕ್ಕೆ ಸೇರಿ, ಮಾತ್ರೆಯ ಜೊತೆಗೆ ಇನ್ನೊಂದು ಔಷಧವನ್ನು ರಕ್ತನಾಳದ ಮೂಲಕ ತೆಗೆದುಕೊಳ್ಳುವುದು. ಅದಕ್ಕೆ ತಿಂಗಳುಗಟ್ಟಲೆ ಅಲ್ಲಿಯೇ ಇರಬೇಕು.

ಮೇಷ್ಟ್ರು ಮೊಣಕೈಗೆ ಹತ್ತಿ ಒತ್ತಿಕೊಂಡು, ಆಗಷ್ಟೇ ತೆಗೆದ ರಕ್ತದ ಶೀಸೆಯ ಜೊತೆ ಪ್ರಯೋಗಾಲಯಕ್ಕೆ ಬಂದಿದ್ದರು.

“ತಗೋ ಹುಡುಗಿ, ನಿನ್ನ ಮೇಷ್ಟ್ರನ್ನ ಪರೀಕ್ಷೆ ಮಾಡು. ಮಾತ್ರೆ ಒಂದೇ ಸಾಕು ಅಂದ್ರೆ ಇಲ್ಲೇ ಇರ್ತೀನಿ. ಫೇಲ್ ಮಾಡಿದ್ರೂ ಬೇಜಾರಿಲ್ಲ, ನಾನೂ ನಿನ್ನ ಒಂದ್ಸಲ ಫೇಲ್ ಮಾಡಿದೀನಿ.”

“ಎರಡು ಸಲ,” ಎಂದಿದ್ದಳು ನೆವೆನಾ.

ಪರೀಕ್ಷೆಯನ್ನು ಅವರ ವಿಧಾನದಲ್ಲೇ ಮಾಡಿದಳು. ಸಾಕ್ಷಿಯನ್ನು ಒಬ್ಬನನ್ನೇ ಕೂರಿಸಿ ಕೇಳಬೇಕು, ಪಕ್ಕದಲ್ಲಿ ಯಾರೂ ಇರಕೂಡದು ಎಂಬುದು ಅವರ ವಿಧಾನ. ರಕ್ತದ ಬಿಳಿಕಣಗಳನ್ನು ಮೊದಲು ಪ್ಲಾಸ್ಟಿಕ್ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಬಿಡುತ್ತಾರೆ. ತಳಕ್ಕೆ ಅಂಟಿಕೊಳ್ಳುವ ಜಾತಿಯವು ಅಂಟಿಕೊಳ್ಳುತ್ತವೆ. ಅವನ್ನು ಅಲ್ಲೇ ಬಿಟ್ಟು, ತೇಲುವವನ್ನು ಎತ್ತಿಕೊಂಡು, ತೊಳೆದು, ಮತ್ತೆ ತೊಳೆದು, ಕ್ಯಾನ್ಸರ್ ಕೋಶಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಮರುದಿನ, ಮಾತ್ರೆಯ ಔಷಧ ಹಾಕಿದ ತಟ್ಟೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಸಿರು. ಹಾಕದ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು. ಇಷ್ಟು ಚೊಕ್ಕ ಉತ್ತರ ಅವಳ ಕೆಲಸದಲ್ಲಿ ಅಪರೂಪ. ಆ ಸಂಜೆಯೇ ಫೋನು ಮಾಡಿದಳು.

“ಮೇಷ್ಟ್ರೇ, ಸಾಯ್ತಿದಾವೆ. ಹೆಚ್ಚೂಕಮ್ಮಿ ಎಲ್ಲಾ.”

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಮೂಗು ಎಳೆದುಕೊಂಡ ಸದ್ದು.

ಮಿಕ್ಕ ರಕ್ತವನ್ನು ಚೆಲ್ಲಲು ಅವಳಿಗೆ ಮನಸ್ಸಾಗಿರಲಿಲ್ಲ. ತೊಳೆಯದೆ, ಆರಿಸದೆ, ಇದ್ದಬದ್ದದ್ದೆಲ್ಲ ಸಮೇತ ಒಂದು ಫ್ಲಾಸ್ಕಿಗೆ ಹಾಕಿ ಅರೆಯಲ್ಲಿಟ್ಟು ಮರೆತಿದ್ದಳು.

ಮಾತ್ರೆ ಶುರುವಾಯಿತು. ವಾರಗಳಲ್ಲೇ ರಕ್ತ ಚೊಕ್ಕವಾಯಿತು. ಆದರೆ ಅದೇ ಕ್ಯಾನ್ಸರಿನಿಂದ ಕತ್ತಿನಲ್ಲಿ ಊದಿದ್ದ ಗಂಟುಗಳು ಕರಗಲಿಲ್ಲ. ಎಡಗಡೆಯದು ನವೆಂಬರಿನ ಹೊತ್ತಿಗೆ ಕಾಲರ್ ಗುಂಡಿ ಹಾಕಲು ಬಿಡದಷ್ಟು ಬೆಳೆಯಿತು. ಸೋಫಿಯಾದ ಪ್ರಯೋಗ ನಡೆಸುತ್ತಿದ್ದ ಯಾವೊರ್ ಅವಳ ಸಹಪಾಠಿ. ಕಾಡಿಬೇಡಿ ಅವನಿಂದ ಒಂದು ಜಾಗ ಹಿಡಿಸಿಟ್ಟಿದ್ದಳು. ಈ ಶುಕ್ರವಾರದವರೆಗೆ ಮಾತ್ರ, ಆಮೇಲೆ ತಂಡಕ್ಕೆ ಸೇರಿಸಿಕೊಳ್ಳುವುದು ಮುಗಿಯುತ್ತದೆ ಎಂದಿದ್ದ. ಮೇಷ್ಟ್ರು ಮಾತ್ರ ಜಗ್ಗುತ್ತಿರಲಿಲ್ಲ.

“ನಿನ್ನ ತಟ್ಟೆ ಏನಂತು? ಸಾಯ್ತಾವೆ ಅಂತು. ರಕ್ತ ಏನಂತು? ಹೌದು ಅಂತು. ಈ ಗಂಟಿಗೆ ಸ್ವಲ್ಪ ಕಿವಿ ಮಂದ ಕಣೇ, ನಿಧಾನಕ್ಕೆ ಕೇಳಿಸ್ಕೊಳ್ಳತ್ತೆ.”

ಈಗ ಫ್ಲಾಸ್ಕು ಅವಳ ಮುಂದಿತ್ತು. ಔಷಧವಿಲ್ಲದೆಯೂ, ತೊಳೆದ ತಟ್ಟೆಯ ಕೋಶಗಳು ಎರಡು ವಾರ ದಾಟಿರಲಿಲ್ಲ. ಇವು ತಿಂಗಳು ದಾಟಿ ಕೂತಿದ್ದವು. ಅವಸರದ ತೀರ್ಮಾನ ಬೇಡವೆಂದು, ಪುಟ್ಟ ಕೋಶಗಳಲ್ಲಿ ಕೆಲವನ್ನು ಮೆಲ್ಲಗೆ ಎತ್ತಿ ಬೇರೆ ತಟ್ಟೆಗೆ ಹಾಕಿದಳು. ಉಳಿದವನ್ನು ಅವುಗಳ ದೊಡ್ಡ ಸಂಗಾತಿಗಳ ಜೊತೆಗೇ ಬಿಟ್ಟಳು. ಎರಡಕ್ಕೂ ಒಂದೇ ಔಷಧ, ಒಂದೇ ಅಳತೆ.

ಬುಧವಾರ ಬಣ್ಣ ಹಾಕಿ ನೋಡಿದಾಗ, ಒಂಟಿ ಮಾಡಿದವು ಹಸಿರಾಗಿ ಹೊಳೆಯುತ್ತಿದ್ದವು. ಸಂಗಾತಿಗಳ ಜೊತೆಗಿದ್ದವು ಕಪ್ಪಗೇ ಉಳಿದಿದ್ದವು. ಚೀಟಿ ಅಂಟಿಸಿಕೊಳ್ಳುವ ಯೋಚನೆಯೇ ಇಲ್ಲದವರಂತೆ.

ಇದೇನೂ ಹೊಸ ಸಂಗತಿಯಲ್ಲ. ತಳಕ್ಕೆ ಅಂಟುವ ಆ ಕಣಗಳನ್ನು ಇರುವ ಹಾಗೇ ಬಿಟ್ಟರೆ ಅವು ಬೆಳೆದು, ಕ್ಯಾನ್ಸರ್ ಕೋಶಗಳನ್ನು ಸಾಕುತ್ತವೆ, ‘ಬದುಕು, ಬದುಕು’ ಎಂದು ಎಡೆಬಿಡದೆ ಹೇಳುತ್ತವೆ. ಅದನ್ನು ಕೇಳಿಸಿಕೊಂಡ ಕೋಶ ಬಾಗಿಲಿಗೆ ಎರಡನೆಯ ಕಾವಲುಗಾರನನ್ನು ನಿಲ್ಲಿಸುತ್ತದೆ. ಕತ್ತಿನ ಗಂಟುಗಳು ತುಂಬಿರುವುದು ಇಂಥ ಸಾಕುವ ಕೋಶಗಳಿಂದಲೇ. ಮಾತ್ರೆ ಮೊದಲನೆಯವನ ಕೈ ಕಟ್ಟುತ್ತದೆ, ಎರಡನೆಯವನು ಅಲ್ಲೇ ನಿಂತಿರುತ್ತಾನೆ. ಇದು ಪುಸ್ತಕಗಳಲ್ಲಿ ಇಪ್ಪತ್ತು ವರ್ಷಗಳಿಂದ ಇದೆ. ನೆವೆನಾ ಅದನ್ನು ಸ್ವತಃ ಪಾಠ ಮಾಡಿದ್ದಳು. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಆ ಸಾಕುವ ಕೋಶಗಳನ್ನು ತನ್ನ ಕೈಯಾರೆ ತಟ್ಟೆಯ ತಳದಲ್ಲೇ ಬಿಟ್ಟು, ತೊಳೆದು ಚೆಲ್ಲಿ, ಆಮೇಲೆ ಮೇಷ್ಟ್ರಿಗೆ ಭರವಸೆ ಕೊಟ್ಟಿದ್ದಳು.

ಅವತ್ತು ಸಂಜೆ ಅವರ ಮನೆಗೆ ಹೋದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಟ್ಟಡದ ಮೇಲಿನ ಮಹಡಿಗಳು ಕಾಣುತ್ತಿರಲಿಲ್ಲ. ಬಾಗಿಲು ತಟ್ಟಿದರೆ ಉತ್ತರವಿಲ್ಲ. ನೆಲಮಾಳಿಗೆಯಿಂದ ಮಾತು ಕೇಳಿಸಿತು. ನವೆಂಬರಿನಲ್ಲಿ ಎಲ್ಲರೂ ಎಲೆಕೋಸನ್ನು ಉಪ್ಪುನೀರಿನ ಪೀಪಾಯಿಯಲ್ಲಿ ಹುಳಿಗೆ ಹಾಕಿರುತ್ತಾರೆ. ಅದು ಕೊಳೆಯದಿರಬೇಕಾದರೆ ತಳದ ನೀರನ್ನು ಆಗಾಗ ಬಸಿದು ಮೇಲಿನಿಂದ ಸುರಿಯುತ್ತಿರಬೇಕು. ಮೂರನೆಯ ಮಹಡಿಯ ಪೆನ್ಕಾ ಚಿಕ್ಕಮ್ಮ ಬಗ್ಗಿ ಬಕೆಟ್ ಹಿಡಿದಿದ್ದಳು. ಮೇಷ್ಟ್ರು ಉಣ್ಣೆಯ ಶಾಲನ್ನು ಕತ್ತಿಗೆ ಸುತ್ತಿಕೊಂಡು ಮುರುಕು ಕುರ್ಚಿಯ ಮೇಲೆ ಕೂತಿದ್ದರು.

“ಬಾರಮ್ಮ ನೆವೆನಾ, ನೀನೇ ನ್ಯಾಯ ಹೇಳು,” ಎಂದಳು ಪೆನ್ಕಾ. “ನಿಮ್ಮ ಮೇಷ್ಟ್ರಿಗೆ ಬಗ್ಗಕ್ಕಾಗಲ್ಲ ಅಂತ ನಾನು ಸೊಂಟ ಮುರ್ಕೋತಿದೀನಿ. ಇವ್ರು ನೋಡು, ರಾಜನ ಥರ ಕೂತ್ಕೊಂಡು ‘ಇನ್ನೊಂದು ಬಕೆಟ್ಟು’ ಅಂತಾರೆ.”

“ಮೇಲ್ವಿಚಾರಣೆಗೂ ಒಬ್ರು ಬೇಕಲ್ಲ ಪೆನ್ಕಾ.”

“ಪಾರ್ಟಿ ಆಳ್ತಿದ್ದ ಆ ಕಾಲ ಹೋಯ್ತು ಪ್ರೊಫೆಸರ್! ಒಬ್ಬ ದುಡಿಯೋದು, ಮೂರು ಜನ ಮೇಲ್ವಿಚಾರಣೆ ಮಾಡೋದು, ಒಬ್ಬ ಅದನ್ನ ಬರ್ಕೊಂಡು ಮೇಲಕ್ಕೆ ಕಳ್ಸೋದು!”

“ಬರ್ಕೊಳ್ತಿದ್ದೋಳು ನೀನೇ ಅಂತ ಊರೆಲ್ಲ ಹೇಳ್ತಿತ್ತು.”

“ಅಯ್ಯೋ, ನಿಮ್ಮ ನಾಲಿಗೆಗೊಂದು ಗಂಟು ಬರಬಾರದಿತ್ತಾ,” ಎಂದು ನಕ್ಕವಳು, ಆಡಿದ ಮಾತು ಏನೆಂದು ಹೊಳೆದು ಬಾಯಿಗೆ ಕೈ ಹಿಡಿದಳು. ಮೇಷ್ಟ್ರು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪೆನ್ಕಾ ಮುಖ ಕೆಂಪಗಾಗಿಸಿಕೊಂಡು, ಸಾರು ಒಲೆ ಮೇಲಿದೆ, ಏಳು ಗಂಟೆಗೆ ತರುತ್ತೇನೆ ಎನ್ನುತ್ತ ಮೆಟ್ಟಿಲು ಹತ್ತಿದಳು.

“ಮೇಷ್ಟ್ರೇ, ಒಂದು ವಿಷಯ.”

“ಧ್ವನಿ ಕೇಳಿದ್ರೇ ಗೊತ್ತಾಗತ್ತೆ. ಒಳ್ಳೇದಲ್ಲ.”

ಅವಳು ವರದಿ ಒಪ್ಪಿಸುವಂತೆ ಹೇಳಿದಳು. ಏನು ಕಂಡೆ, ಹೇಗೆ ಪರೀಕ್ಷಿಸಿದೆ, ಏನು ಬಂತು, ಇದೇ ಕ್ರಮದಲ್ಲಿ. ಬೇರೆ ಥರ ಹೇಳಿದ್ದರೆ ಅಳು ಬಂದುಬಿಡುತ್ತಿತ್ತು. ಮೇಷ್ಟ್ರು ನಡುವೆ ಒಂದೇ ಒಂದು ಸಲ ಬಾಯಿ ಹಾಕಿದರು.

“ಕಂಟ್ರೋಲ್? ಹೋಲಿಸೋಕೆ ಏನಿಟ್ಕೊಂಡೆ?”

ಹೇಳಿದಳು. ಅವರು ತಲೆ ತಗ್ಗಿಸಿ ಪೀಪಾಯಿಯ ನಲ್ಲಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡುತ್ತ ಕೂತರು.

“ಅಂದ್ರೆ ಕಾದ್ರೆ ಉಪಯೋಗ ಇಲ್ಲ,” ಎಂದರು.

“ಇಲ್ಲ. ಎರಡನೇ ಔಷಧಿ ಇಲ್ದೆ ಗಂಟು ಕರಗಲ್ಲ. ನಾನು ಸೆಪ್ಟೆಂಬರ್‌ನಲ್ಲೇ ಇದನ್ನ ನೋಡ್ಬೇಕಿತ್ತು. ಸೋಫಿಯಾಕ್ಕೆ ಇನ್ನೂ ಟೈಮಿದೆ ಮೇಷ್ಟ್ರೇ. ಶುಕ್ರವಾರದವರೆಗೆ.”

“ನಾಳೆ ಬರ್ತೀನಿ. ಮೊದಲು ನೋಡ್ಬೇಕು.”

ಗುರುವಾರ ಅವರು ಟೈ ಕಟ್ಟಿಕೊಂಡು ಬಂದರು. ಗಂಟಿನ ಕಾರಣ ಟೈ ಒಂದು ಪಕ್ಕಕ್ಕೆ ವಾಲಿತ್ತು. ಗೂಟದಲ್ಲಿದ್ದ ಯಾರದೋ ಬಿಳಿ ಕೋಟು ಹಾಕಿಕೊಂಡರು. ಕಳೆದ ವರ್ಷ ಸರಿಹೋಗುತ್ತಿದ್ದ ಅಳತೆ, ಈಗ ಭುಜದಿಂದ ಇಳಿಬಿದ್ದಿತ್ತು. ಮೈಕ್ರೋಸ್ಕೋಪಿನ ಮುಂದೆ ಕೂತವರು ಎಷ್ಟು ಹೊತ್ತಾದರೂ ಏಳಲಿಲ್ಲ.

“ಅಬ್ಬಾ. ಹೆಂಗೆ ತಬ್ಕೊಂಡಿದಾವೆ ನೋಡು.”

ಧ್ವನಿಯಲ್ಲಿ ನಿಜವಾದ ಸಂತೋಷವಿತ್ತು. ನೆವೆನಾಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ.

“ಇವು ನನ್ನವೇ ತಾನೇ?”

“ನಿಮ್ಮವೇ.”

“ಒಬ್ಬನ್ನೇ ಕೂರ್ಸಿ ಕೇಳು ಅಂತ ನಿಂಗೆ ಹೇಳ್ಕೊಟ್ಟ ಮೂರ್ಖ ಯಾರು?”

“ಬಿಡಿ ಮೇಷ್ಟ್ರೇ.”

“ಒಬ್ಬನ್ನೇ ಕೂರ್ಸಿ ಕೇಳಿದ್ರೆ ಯಾವನಾದ್ರೂ ಒಪ್ಕೋತಾನೆ. ನಮ್ಮಣ್ಣನ್ನ ಪೊಲೀಸ್ರು ಹಂಗೆ ಕೂರ್ಸಿದ್ರು. ಮಾಡದೇ ಇರೋದನ್ನೆಲ್ಲ ಒಪ್ಕೊಂಡು ರುಜು ಹಾಕ್ಬಿಟ್ಟು ಮನೆಗೆ ಬಂದ. ಅಮ್ಮ ಕಾಲು ಒತ್ತುತಾ ಕೂತಿದ್ಲು, ಆಮೇಲೆ ನಿಧಾನಕ್ಕೆ ‘ನಾನು ಮಾಡಿಲ್ಲಮ್ಮ’ ಅಂದ. ಅದನ್ನ ಕಣ್ಣಾರೆ ಕಂಡೋನು ನಾನು. ಆಮೇಲೆ ಬಂದು ನಿಮಗೆಲ್ಲ ಪೊಲೀಸ್ರ ವಿಧಾನಾನೇ ಪಾಠ ಮಾಡ್ದೆ.” ಕಣ್ಣನ್ನು ಮಸೂರದಿಂದ ತೆಗೆಯದೆಯೇ ಹೇಳಿದರು.

“ಸೋಫಿಯಾ ವಿಷಯ ಮಾತಾಡೋಣ.”

“ಮಾತಾಡು. ಎಷ್ಟು ಜನಕ್ಕೆ ಕೆಲ್ಸ ಮಾಡಿದೆ?”

“ಇನ್ನೂ ಶುರು. ಹತ್ತರಲ್ಲಿ ಮೂರು ಜನಕ್ಕೆ ಅಂತಾನೆ ಯಾವೊರ್.”

“ತೊಂದರೆ?”

“ಹೃದಯಕ್ಕೆ ಆಗ್ಬಹುದು.” ಅವಳು ಮುಚ್ಚಿಡಲಿಲ್ಲ. “ಆ ಎರಡನೇ ಕಾವಲುಗಾರ ಹೃದಯಕ್ಕೂ ಬೇಕು. ಅದಕ್ಕೇ ಅಲ್ಲೇ ಇದ್ದು ನೋಡ್ಕೊಳ್ಳೋದು.”

“ಎಲ್ಲಿ ಇರೋದು?”

“ಆಸ್ಪತ್ರೆ ಹತ್ರಾನೇ ಒಂದು ಕೋಣೆ ನೋಡಿದಾನೆ. ಒಬ್ರಿಗೆ ಸಾಕು. ಸ್ವಚ್ಛವಾಗಿದೆಯಂತೆ.”

ಮೇಷ್ಟ್ರು ಈಗ ತಲೆ ಎತ್ತಿದರು. ತುಟಿಯ ಕೊನೆಯಲ್ಲಿ ನಗೆ ಇತ್ತು.

“ತೊಳೆದ ತಟ್ಟೆ.”

ನೆವೆನಾಗೆ ಸಿಟ್ಟು ನೆತ್ತಿಗೇರಿತು. “ಇದು ಸರಿಯಲ್ಲ. ಹೋಲಿಕೆ ಸಾಕ್ಷ್ಯ ಅಲ್ಲ. ಉತ್ತರ ಪತ್ರಿಕೇಲಿ ಇಂಥದ್ದು ಬರೆದ್ರೆ ನೀವು ಕೆಂಪು ಗೆರೆ ಎಳೀತಿದ್ರಿ, ನಂದೇ ಪತ್ರಿಕೇಲಿ ಎಳ್ದಿದೀರಿ! ಮನುಷ್ಯ ಜೀವಕೋಶ ಅಲ್ಲ. ಸೋಫಿಯಾ ತಟ್ಟೆ ಅಲ್ಲ. ಪೆನ್ಕಾ ಚಿಕ್ಕಮ್ಮನ ಸಾರು ಔಷಧಿ ಅಲ್ಲ.”

“ಅಲ್ಲ,” ಎಂದು ಒಪ್ಪಿದರು. “ಸಾರು ಅಂತೂ ಖಂಡಿತ ಅಲ್ಲ. ಸಾಕ್ಷ್ಯ ಅಂತ ನಾನೆಲ್ಲಿ ಹೇಳ್ದೆ? ಅದು ನೆಪ.”

“ನೆಪ?”

“ಹೋಗ್ದೇ ಇರೋಕೆ ನೆಪ. ಮುದುಕ ಕಣೇ ನಾನು. ಹತ್ತರಲ್ಲಿ ಮೂರು ಅಂದ್ರೆ ನಿಂಗೆ ದೊಡ್ಡದಾಗಿ ಕಾಣತ್ತೆ. ನಂಗೆ ಆ ಕೋಣೆ ಕಾಣತ್ತೆ. ಬೆಳಿಗ್ಗೆ ಎದ್ದು ಯಾರನ್ನ ಬೈಯ್ಲಿ? ಇಲ್ಲಿ ಬಾಗಿಲು ತೆಗೆಯೋದು ಹತ್ತು ನಿಮಿಷ ತಡ ಆದ್ರೆ ಮೂರು ಮನೆಯೋರು ಬೀಗದ ಕೈ ಹಿಡ್ಕೊಂಡು ಓಡಿ ಬರ್ತಾರೆ. ಅಲ್ಲಿ ಯಂತ್ರ ಕೂಗ್ಬೇಕು.”

“ನಾನು ಬರ್ತೀನಿ. ವಾರಕ್ಕೆ ಎರಡು ಸಲ ಬರ್ತೀನಿ.”

“ನಿನ್ನ ಕ್ಲಾಸು? ನಿನ್ನ ಮಕ್ಕಳು? ಎರಡು ಸಲ ಅಂತೀಯ, ಒಂದು ಸಲ ಬರ್ತೀಯ, ಬರ್ದೇ ಇದ್ದಾಗ ಅಳ್ತೀಯ. ಬೇಡ.”

ಫ್ರಿಜ್ಜಿನ ಮೋಟಾರು ಶುರುವಾಗಿ ನಿಂತಿತು.

“ನಾನು ನಿಮ್ಮ ದಾರಿ ತಪ್ಪಿಸ್ದೆ,” ಎಂದಳು ನೆವೆನಾ. “ಆವತ್ತು ನಾನು ಫೋನ್ ಮಾಡಿ ಹಾಗೆ ಹೇಳ್ದೇ ಇದ್ದಿದ್ರೆ ನೀವು ಆಗ್ಲೇ ಹೋಗ್ತಿದ್ರಿ. ಆಗ ಗಂಟು ಸಣ್ಣದಿತ್ತು. ಮೈಯಲ್ಲಿ ಶಕ್ತಿ ಇತ್ತು.”

“ಇಲ್ಲಿ ಕೇಳು. ನೀನು ಫೋನ್ ಮಾಡೋಕೆ ಮುಂಚೇನೇ ನಾನು ಹೋಗಲ್ಲ ಅಂತ ತೀರ್ಮಾನ ಮಾಡಿಯಾಗಿತ್ತು. ನಿನ್ನ ತಟ್ಟೆ ಹೌದು ಅಂದಿದ್ರೂ ಅಷ್ಟೇ, ಅಲ್ಲ ಅಂದಿದ್ರೂ ಅಷ್ಟೇ.”

“ಮತ್ತೆ ಪರೀಕ್ಷೆ ಯಾಕೆ ಮಾಡಿಸಿದ್ರಿ?”

“ಕುತೂಹಲ.”

“ನಿಜ ಹೇಳಿ.”

“ನಿಜ.”

“ಆವತ್ತು ಫೋನಲ್ಲಿ ಅತ್ರಿ ನೀವು.”

“ನೆಗಡಿ ಕಣೇ.”

ಅವರು ಮತ್ತೆ ಮಸೂರಕ್ಕೆ ಕಣ್ಣು ಹಚ್ಚಿದ್ದರು, ಮುಖ ಕಾಣುತ್ತಿರಲಿಲ್ಲ. ನೆವೆನಾ ಆ ಬಗ್ಗಿದ ಬೆನ್ನನ್ನು ನೋಡುತ್ತ ನಿಂತಳು. ಮೊದಲೇ ತೀರ್ಮಾನ ಮಾಡಿದ ಮನುಷ್ಯ ಫೋನಿನಲ್ಲಿ ಅಷ್ಟು ಹೊತ್ತು ಸುಮ್ಮನಿರುತ್ತಾನೆಯೇ? ಇರಲೂಬಹುದು. ಇಲ್ಲವೇ ಇದು ಅವಳ ಹೆಗಲಿನ ಭಾರ ಇಳಿಸಲು ಈಗ, ಇಲ್ಲೇ ಕೂತು ಹೆಣೆದ ಮಾತೂ ಇರಬಹುದು. ಪತ್ತೆ ಹಚ್ಚುವುದು ಹೇಗೆ? ಅವಳಿಂದ ಫೋನು ಬಾರದ ಇನ್ನೊಬ್ಬ ಲ್ಯುಬೆನ್ ರಾಯ್ಕೊವ್ ಬೇಕಿತ್ತು, ಇವರ ಪಕ್ಕದಲ್ಲಿಟ್ಟು ಹೋಲಿಸಲು. ಈ ಪ್ರಯೋಗಕ್ಕೆ ಕಂಟ್ರೋಲ್ ಇರಲಿಲ್ಲ, ಇನ್ನು ಮುಂದೆ ಇರುವುದೂ ಇಲ್ಲ.

“ಇವನ್ನ ಚೆಲ್ಲಬೇಡ,” ಎಂದರು ಮೇಷ್ಟ್ರು, ಕೋಟು ಬಿಚ್ಚುತ್ತ. “ದೊಡ್ಡವು ಯಾವ ಮಾತು ಹೇಳಿ ಎರಡನೇ ಕಾವಲುಗಾರನ್ನ ಎಬ್ಬಿಸ್ತಿದಾವೆ, ಅದನ್ನ ನೋಡು. ಕತ್ತಿನ ಗಂಟಿಂದ ಒಂದು ಚೂರು ಬೇಕಿದ್ರೆ ಹಾಜಿಯೇವಾಗೆ ಹೇಳು, ತೆಗೀಲಿ. ನಂಗೇನೂ ಅಡ್ಡಿಯಿಲ್ಲ.”

“ಅದರಿಂದ ನಿಮಗೆ ಉಪಯೋಗ ಆಗಲ್ಲ ಮೇಷ್ಟ್ರೇ.”

“ಗೊತ್ತು.” ತೋಳಿನಿಂದ ಕೋಟು ಬಿಡಿಸಿಕೊಳ್ಳಲು ಅವರಿಗೆ ಆಗಲಿಲ್ಲ. ಅವಳು ಹಿಂದಿನಿಂದ ಎಳೆದು ಬಿಡಿಸಿದಳು. “ನೀನೇ ಯಾವೊರ್‌ಗೆ ಹೇಳ್ಬಿಡು. ನಾನು ಹೇಳಿದ್ರೆ ಅವನು ವಾದ ಮಾಡ್ತಾನೆ, ಮೊದಲಿಂದಲೂ ವಾದ ಜಾಸ್ತಿ ಅವನಿಗೆ.”

ಶುಕ್ರವಾರ ಅವಳು ಮಧ್ಯಾಹ್ನದವರೆಗೆ ಫೋನು ಮುಟ್ಟಲಿಲ್ಲ. ಮೇಷ್ಟ್ರು ಮನಸ್ಸು ಬದಲಿಸಿ ಕರೆ ಮಾಡಬಹುದೆಂದು ಮೊಬೈಲನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಂಡೇ ಪಾಠ ಮಾಡಿದಳು. ಕರೆ ಬರಲಿಲ್ಲ. ಊಟದ ಹೊತ್ತಿಗೆ ಸೋಫಿಯಾಕ್ಕೆ ಮಾಡಿದಾಗ ಯಾವೊರ್ ವಾರ್ಡಿನಲ್ಲಿದ್ದ; ಫೋನೆತ್ತಿದ್ದು ಪ್ರಯೋಗದ ಓಡಾಟ ನೋಡಿಕೊಳ್ಳುವ ಹೆಂಗಸು.

“ಪ್ಲೆವೆನ್ನಿನ ರಾಯ್ಕೊವ್ ಅವರು ಬರ್ತಿಲ್ಲ. ಅವರ ಜಾಗ ಬಿಟ್ಕೊಡ್ತಿದೀವಿ,” ಎಂದಳು ನೆವೆನಾ.

“ಅಯ್ಯೋ. ಡಾಕ್ಟ್ರು ಅವರಿಗೇ ಅಂತ ಇಷ್ಟು ದಿನ ಹಿಡ್ಕೊಂಡಿದ್ರಲ್ಲ. ಯಾಕೆ ಬರ್ತಿಲ್ಲ?”

“ದೂರ ಆಗತ್ತಂತೆ.”

“ಪ್ಲೆವೆನ್ನಿಂದ ಸೋಫಿಯಾ ದೂರನಾ? ರೈಲು ಹತ್ತಿದ್ರೆ ಮಧ್ಯಾಹ್ನದೊಳಗೆ ಬಂದ್ಬಿಡ್ತಾರೆ.”

“ಅವರಿಗೆ ದೂರ.”

ಆ ಹೆಂಗಸು ಕೆದಕಲಿಲ್ಲ. ಕಾಗದ ಸರಿಸಿದ ಸದ್ದು ಕೇಳಿಸಿತು. “ಸರಿ. ಇವರ ಹಿಂದೆ ವಿದಿನ್ ಊರಿನ ಒಬ್ರು ಇದಾರೆ. ಶಾಲೆ ಮೇಡಮ್ಮು. ಜಾಗ ಆಯ್ತಾ, ಜಾಗ ಆಯ್ತಾ ಅಂತ ದಿನಾ ಫೋನ್ ಮಾಡ್ತಾರೆ ಪಾಪ. ಅವರಿಗೆ ಈಗ್ಲೇ ಹೇಳ್ಬಿಡ್ತೀನಿ. ಮತ್ತೆ ಬದಲಾಯಿಸಕ್ಕಾಗಲ್ಲ, ಗೊತ್ತಲ್ಲ? ಹೇಳ್ಲಾ?”

ನೆವೆನಾ ಕಿಟಕಿಯ ಕಡೆ ತಿರುಗಿದಳು. ಹೊರಗೆ ಮಂಜು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

“ಹೇಳಿ,” ಎಂದಳು.

ಇನ್ನು ಕತ್ತಿನ ಚೂರಿನ ವಿಷಯ ಹಾಜಿಯೇವಾಗೆ ತಿಳಿಸಬೇಕಿತ್ತು. ನಂಬರು ಒತ್ತಿದಳು, ಗಂಟೆಯಾಗುವ ಮೊದಲೇ ಇಟ್ಟುಬಿಟ್ಟಳು. ಫ್ಲಾಸ್ಕಿನ ಮೇಲೆ ‘ಲ್ಯು. ರಾ.’ದ ಕೆಳಗೆ ‘ಚೆಲ್ಲಬಾರದು’ ಎಂದು ಬರೆದಿಟ್ಟು, ಮತ್ತೆ ಒತ್ತಿದಳು.